ಗುಂಗುರು ಕೂದಲಿನ ಮಕ್ಕಳ ಕೇಶಪಾಲನೆ: ತುಂಡಾದ ಕೂದಲನ್ನು ಮರಳಿ ಬೆಳೆಸುವ ಬಗೆ

ಮಕ್ಕಳ ಆರೋಗ್ಯವೆಂದೊಡನೆ ಜ್ವರ, ಕೆಮ್ಮು, ಹಲ್ಲು, ಕಣ್ಣುಗಳ ವಿಚಾರ ನಮ್ಮ ಮನಸ್ಸಿಗೆ ಬರುತ್ತದೆ. ಕೂದಲನ್ನು ನಾವು ಅಲಂಕಾರದ ವಿಷಯವೆಂದು ಬದಿಗಿರಿಸುತ್ತೇವೆ. ಆದರೆ ಬಾಚಣಿಗೆಯನ್ನು ಕಂಡೊಡನೆ ಅಳುವ ಮಗು, ಹಣೆಯ ಅಂಚಿನಲ್ಲಿ ಕೂದಲು ತೆಳುವಾಗಿ ನೆತ್ತಿಯ ಉರಿಯಿಂದ ಬಳಲುವ ಮಗು, ಸಹಪಾಠಿಗಳ ಹಾಸ್ಯಕ್ಕೆ ಅಂಜಿ ಶಾಲೆಗೆ ಹೋಗಲು ಹಿಂಜರಿಯುವ ಮಗು, ಇವರ ಪಾಲಿಗೆ ಕೂದಲು ಆರೋಗ್ಯದ ವಿಷಯವೂ ಹೌದು, ಮಾನದ ವಿಷಯವೂ ಹೌದು. ಆದುದರಿಂದ ಈ ಸಂಚಿಕೆಯಲ್ಲಿ ಗುಂಗುರು ಕೂದಲಿನ ಮಕ್ಕಳ ಕೇಶಪಾಲನೆಯನ್ನು, ಅದರಲ್ಲಿಯೂ ಹಾಳಾಗಿ ತುಂಡುತುಂಡಾಗಿರುವ ಕೂದಲನ್ನು ಮರಳಿ ಆರೋಗ್ಯಕ್ಕೆ ತರುವ ಕ್ರಮವನ್ನು ವಿಚಾರಿಸೋಣ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಪ್ರತಿ ವರ್ಷ ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ನಮ್ಮ ಭಕ್ತರು ಚಕ್ಕಡಿ ಹೂಡಿಕೊಂಡು, ಕಾಲ್ನಡಿಗೆಯಲ್ಲಿ, ಬಸ್ಸುಗಳಲ್ಲಿ ಉಳವಿಯ ಚನ್ನಬಸವಣ್ಣನವರ ಸನ್ನಿಧಿಗೆ ಸಾಗುತ್ತಾರೆ. ಹಳಿಯಾಳ, ದಾಂಡೇಲಿಗಳನ್ನು ದಾಟಿ ಜೊಯಿಡಾದ ಕಾಡಿನೊಳಗೆ ಹೋಗುವ ಆ ಸೀಮೆಯಲ್ಲಿ, ಹಾಗೆಯೇ ಮುಂಡಗೋಡ, ಯಲ್ಲಾಪುರ, ಅಂಕೋಲಾ ತಾಲ್ಲೂಕುಗಳಲ್ಲಿ, ಸಿದ್ದಿ ಬಂಧುಗಳು ತಲೆತಲಾಂತರದಿಂದ ನೆಲೆಸಿದ್ದಾರೆ. ಇವರ ಪೂರ್ವಜರಲ್ಲಿ ಬಹುಮಂದಿ ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟವರು; ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡಿನಲ್ಲಿ ಸ್ವತಂತ್ರ ಬಾಳನ್ನು ಕಟ್ಟಿಕೊಂಡವರು. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾಗಿ ನಾಮಕರಣಗೊಂಡರು. ಹಲವು ಸಿದ್ದಿ ಮಕ್ಕಳಿಗೆ ಪೂರ್ವಜರಿಂದ ಬಳುವಳಿಯಾಗಿ ಬಂದಿರುವುದು ಒತ್ತಾದ, ಸಣ್ಣ ಸಣ್ಣ ಸುರುಳಿಗಳ ಕೂದಲು. ಈ ಮಕ್ಕಳು ನಮ್ಮ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುವವರು, ಒಂದೇ ವಸತಿನಿಲಯದಲ್ಲಿ ಉಣ್ಣುವವರು. ಅಲ್ಲದೆ ಇತರ ಮನೆತನಗಳಲ್ಲಿಯೂ ಗುಂಗುರು ಕೂದಲಿನ ಮಕ್ಕಳು ಹುಟ್ಟುವುದುಂಟು. ಆದುದರಿಂದ ಪಾಲಕರು, ಶಿಕ್ಷಕರು, ನಿಲಯಪಾಲಕರು ಎಲ್ಲರೂ ತಿಳಿಯಬೇಕಾದ ವಿಷಯವಿದು.

ಸುರುಳಿ ಕೂದಲಿನ ಸ್ವಭಾವ

ಕೂದಲೆಳೆಯು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಮೇಲೆ ಹಂಚಿನ ಮಾಡಿನಂತೆ ಒಂದರ ಮೇಲೊಂದು ಕುಳಿತ ಸಣ್ಣ ಪದರಗಳಿರುತ್ತವೆ. ಇವು ಒಳಗಿನ ತಿರುಳನ್ನು ಕಾಯುತ್ತವೆ. ನೇರ ಕೂದಲನ್ನು ಅಡ್ಡವಾಗಿ ಸೀಳಿ ನೋಡಿದರೆ ಅದು ಬಹುಮಟ್ಟಿಗೆ ದುಂಡಗಿರುತ್ತದೆ; ಸುರುಳಿ ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಚರ್ಮದೊಳಗೆ ಅದರ ಬೇರು ಕುಳಿತಿರುವ ಕುಳಿಯೂ ಬಾಗಿರುತ್ತದೆ. ಹೀಗಾಗಿ ಎಳೆಯು ಹೊರಬರುವಾಗಲೇ ಸುರುಳಿಯಾಗಿ ಬರುತ್ತದೆ. ಇದು ಹುಟ್ಟಿನಿಂದ ಬಂದ ರಚನೆ. ಯಾವ ರೋಗವೂ ಅಲ್ಲ, ಯಾವ ಕೊರತೆಯೂ ಅಲ್ಲ.

ಈ ರಚನೆಯಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದು ಶುಷ್ಕತೆ. ನೆತ್ತಿಯ ಗ್ರಂಥಿಗಳಲ್ಲಿ ಒಸರುವ ಸಹಜ ಎಣ್ಣೆಯು ನೇರ ಕೂದಲಿನಲ್ಲಿ ಸುಲಭವಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಗಳ ತಿರುವುಗಳಲ್ಲಿ ಅದು ಇಳಿಯಲಾರದು. ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿರುತ್ತದೆ. ಎರಡನೆಯದು ದೌರ್ಬಲ್ಯ. ಪ್ರತಿಯೊಂದು ತಿರುವಿನಲ್ಲಿಯೂ ಎಳೆಯ ಮೇಲೆ ಒತ್ತಡ ಬೀಳುತ್ತದೆ, ಹೊರಪದರ ಅಲ್ಲಿ ಏಳುತ್ತದೆ, ಬಾಚಣಿಗೆ ಎಳೆದಾಗ ಅಲ್ಲಿಯೇ ಮುರಿಯುತ್ತದೆ. ನೋಡಲು ದಟ್ಟವಾಗಿ, ಗಟ್ಟಿಯಾಗಿ ಕಾಣುವ ಈ ಕೂದಲು ವಾಸ್ತವವಾಗಿ ಬಹಳ ನಾಜೂಕಾದದ್ದು. ‘ಒರಟು ಕೂದಲು’ ಎಂದು ಒರಟಾಗಿ ಬಾಚುವುದರಿಂದಲೇ ಹಾನಿಯಾಗುತ್ತದೆ.

ಉದುರುವಿಕೆಯೇ, ತುಂಡಾಗುವಿಕೆಯೇ?

ಕೂದಲು ಉದುರುವುದು ಬೇರೆ, ತುಂಡಾಗುವುದು ಬೇರೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ತುದಿಯಲ್ಲಿ ಬಿಳಿಯ ಸಣ್ಣ ಗಡ್ಡೆಯಿದ್ದರೆ ಅದು ಬುಡದಿಂದ ಉದುರಿದ ಕೂದಲು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಗಡ್ಡೆಯಿಲ್ಲದ ಗಿಡ್ಡ ತುಣುಕುಗಳೇ ಹೆಚ್ಚಾಗಿದ್ದರೆ ಅದು ತುಂಡಾದ ಕೂದಲು. ಬೆಳವಣಿಗೆ ನಿಂತಿಲ್ಲ, ಬೆಳೆದಷ್ಟೂ ತುದಿಯಲ್ಲಿ ಮುರಿದು ಹೋಗುತ್ತಿದೆ ಎಂದು ಅದರ ಅರ್ಥ. ‘ಈ ಮಗುವಿನ ಕೂದಲು ಬೆಳೆಯುವುದೇ ಇಲ್ಲ’ ಎಂದು ಹೇಳುವ ಎಷ್ಟೋ ಕಡೆ ನಡೆಯುತ್ತಿರುವುದು ಇದೇ.

ಹೊರಬಂದ ಕೂದಲು ನಿರ್ಜೀವ ವಸ್ತು. ಗಾಯ ಮಾಯುವಂತೆ ಅದು ಮಾಯಲಾರದು. ಮುರಿದ ತುದಿಯನ್ನು ಯಾವ ಎಣ್ಣೆಯೂ ಯಾವ ಮದ್ದೂ ಮತ್ತೆ ಬೆಸೆಯಲಾರದು. ನಮ್ಮ ಕೈಯಲ್ಲಿರುವುದು ಎರಡು ಕೆಲಸ: ಹಾಳಾದ ತುದಿಯನ್ನು ತೆಗೆಯುವುದು, ಹೊಸದಾಗಿ ಬರುವ ಕೂದಲನ್ನು ಮುರಿಯದಂತೆ ಕಾಯುವುದು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ; ಒತ್ತು ಸುರುಳಿಯ ಕೂದಲು ಅದಕ್ಕಿಂತ ತುಸು ಕಡಿಮೆ. ಸುರುಳಿಯು ಮುದುಡಿಕೊಂಡಿರುವುದರಿಂದ ಬೆಳೆದದ್ದೂ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಪಾಲಕರು ಕನ್ನಡಿಯನ್ನು ನಂಬಬಾರದು. ಎರಡು ಮೂರು ತಿಂಗಳಿಗೊಮ್ಮೆ ಒಂದು ಎಳೆಯನ್ನು ಮೆಲ್ಲಗೆ ನೀಳ ಹಿಡಿದು ಅಳೆಯಬೇಕು. ತಾಳ್ಮೆಯೇ ಇಲ್ಲಿ ಮೊದಲ ಔಷಧ.

ಹಾನಿಗೆ ಕಾರಣಗಳು

ಒಣಗಿದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ಕೆಳಕ್ಕೆ ಎಳೆಯುವುದು ಮೊದಲನೆಯ ಕಾರಣ. ನೇರ ಕೂದಲಿನ ಮಕ್ಕಳಿಗೆ ಒಗ್ಗುವ ಈ ಕ್ರಮ ಗುಂಗುರು ಕೂದಲಿಗೆ ಒಗ್ಗುವುದಿಲ್ಲ.

ಎರಡನೆಯದು ಸಾಬೂನು. ಮೈ ಸಾಬೂನು, ಅದಕ್ಕಿಂತ ಮಿಗಿಲಾಗಿ ಬಟ್ಟೆ ಸಾಬೂನು, ಕ್ಷಾರಗುಣವುಳ್ಳದ್ದು. ಕ್ಷಾರವು ಕೂದಲಿನ ಹೊರಪದರವನ್ನು ಎಬ್ಬಿಸಿ ಇದ್ದ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ. ಬೂದಿಯಿಂದ ತಲೆ ತಿಕ್ಕುವುದೂ ಇದೇ ಹಾನಿಯನ್ನು ಮಾಡುತ್ತದೆ.

ಮೂರನೆಯದು ಬಿಗಿ ಜಡೆ. ಶಾಲೆಯ ಶಿಸ್ತಿನ ಹೆಸರಿನಲ್ಲಿ ಎರಡು ಜಡೆ ಹೆಣೆದು, ರಿಬ್ಬನ್ ಬಿಗಿದು, ಹಣೆಯ ಚರ್ಮವೇ ಮೇಲೆಳೆಯುವಂತೆ ಕಟ್ಟುವುದುಂಟು. ದಿನವೂ ಹೀಗೆ ಎಳೆದರೆ ಹಣೆಯಂಚು ಮತ್ತು ಕಪೋಲದ ಬಳಿ ಬೇರುಗಳು ಸಡಿಲಗೊಂಡು ಕೂದಲು ಹೋಗುತ್ತದೆ. ಇದು ಒಂದು ಜನಾಂಗದ ಕೂದಲಿಗೆ ಮಾತ್ರ ಬರುವ ತೊಂದರೆಯಲ್ಲ. ಬಿಗಿಯಾಗಿ ತುರುಬು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು 1907ರಲ್ಲಿಯೇ ವೈದ್ಯರು ವರ್ಣಿಸಿದ್ದರು. ಆರಂಭದಲ್ಲಿ ಜಡೆ ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬೇರು ಸತ್ತು ಮತ್ತೆಂದೂ ಬಾರದು. ಜಡೆ ಹಾಕಿದ ಮೇಲೆ ಮಗು ನೋವೆಂದರೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದರೆ, ಆ ಜಡೆಯನ್ನು ಕೂಡಲೇ ಬಿಚ್ಚಬೇಕು.

ನಾಲ್ಕನೆಯದು ಕೂದಲನ್ನು ನೇರ ಮಾಡುವ ರಾಸಾಯನಿಕಗಳು ಮತ್ತು ಕಾಸಿದ ಇಕ್ಕಳಗಳು. ಕೆಲವು ಸ್ಟ್ರೈಟನಿಂಗ್ ಲೇಪಗಳಲ್ಲಿ ಕಾಸ್ಟಿಕ್ ಸೋಡಾದಂತಹ ತೀವ್ರ ಕ್ಷಾರಗಳಿರುತ್ತವೆ. ಅವು ನೆತ್ತಿಯನ್ನು ಸುಡಬಲ್ಲವು. ಕೆರಾಟಿನ್ ಚಿಕಿತ್ಸೆ ಎಂದು ಕರೆಯುವ ಕೆಲವು ದ್ರವಗಳು ಕಾಸಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷದ ಹೊಗೆಯನ್ನು ಬಿಡುತ್ತವೆ. ಇಕ್ಕಳದ ಶಾಖ 200 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ. ರೀಬಾಂಡಿಂಗ್ ಮಾಡಿದ ಕೂದಲಿನ ಬುಡದಲ್ಲಿ ಹೊಸ ಸುರುಳಿ ಕೂದಲು ಬರತೊಡಗಿದಾಗ ಎರಡೂ ಸೇರುವ ಜಾಗದಲ್ಲಿಯೇ ಮುರಿತ ಹೆಚ್ಚಾಗುತ್ತದೆ. ಮಕ್ಕಳ ತಲೆಗೆ ಇವು ಯಾವುವೂ ಸಲ್ಲವು.

ವಾರಕ್ಕೊಮ್ಮೆಯ ಆರೈಕೆ

ಗುಂಗುರು ಕೂದಲಿಗೆ ವಾರಕ್ಕೊಮ್ಮೆ ತಲೆಸ್ನಾನ ಸಾಕು. ರಜೆಯ ದಿನ, ಬೆಳಗಿನ ಹೊತ್ತು, ಅವಸರವಿಲ್ಲದ ವೇಳೆಯನ್ನು ಆರಿಸಿಕೊಳ್ಳಬೇಕು.

1. ಮೊದಲ ಸಲ, ತೀರ ಸೀಳಿದ ತುದಿಗಳನ್ನು ಹರಿತವಾದ ಕತ್ತರಿಯಿಂದ 1ರಿಂದ 2 ಸೆಂ.ಮೀ. ಕತ್ತರಿಸಬೇಕು. ಸೀಳಿದ ತುದಿಯನ್ನು ಬಿಟ್ಟರೆ ಸೀಳು ಮೇಲಕ್ಕೇರುತ್ತದೆ. ತಲೆ ಬೋಳಿಸುವ ಅಗತ್ಯವಿಲ್ಲ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬುದು ನಿಜವಲ್ಲ.

2. ಸ್ನಾನಕ್ಕೆ ಒಂದು ತಾಸು ಮುಂಚೆ, ಅಥವಾ ಹಿಂದಿನ ರಾತ್ರಿ, ತೆಂಗಿನೆಣ್ಣೆಯನ್ನು ಕೂದಲಿನ ಉದ್ದಕ್ಕೂ, ವಿಶೇಷವಾಗಿ ತುದಿಗೆ ಸವರಬೇಕು. ತೆಂಗಿನೆಣ್ಣೆಯು ಎಳೆಯ ಒಳಕ್ಕೆ ಇಳಿಯಬಲ್ಲದು. ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ತಡೆಯುತ್ತದೆ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗಳಿಗೆ ಈ ಗುಣವಿಲ್ಲವೆಂದು ತೋರಿಸಿತು.

3. ಕೂದಲನ್ನು ನಾಲ್ಕು ಭಾಗ ಮಾಡಿ ಸಡಿಲವಾಗಿ ತಿರುಚಿ ಬಿಡಬೇಕು. ಒಂದೊಂದೇ ಭಾಗವನ್ನು ತೊಳೆದರೆ ಸಿಕ್ಕು ಬೀಳುವುದಿಲ್ಲ.

4. ಉಗುರುಬೆಚ್ಚಗಿನ ನೀರಿನಲ್ಲಿ ನೆತ್ತಿಯನ್ನು ಮಾತ್ರ ಬೆರಳ ತುದಿಯಿಂದ ತಿಕ್ಕಬೇಕು, ಉಗುರು ತಾಗಬಾರದು. ಸೌಮ್ಯ ಶಾಂಪೂವನ್ನು ನೀರಿನಲ್ಲಿ ಕಲಸಿ ತೆಳುಮಾಡಿ ಬಳಸಬಹುದು. ಸೀಗೆಕಾಯಿ ಬಳಸುವವರು ಪುಡಿಯನ್ನು ನೇರವಾಗಿ ಹಚ್ಚದೆ, ಕುದಿಸಿ ಸೋಸಿದ ನೀರನ್ನು ಬಳಸಬೇಕು. ಪುಡಿಯ ಕಣಗಳು ಸುರುಳಿಯೊಳಗೆ ಸಿಕ್ಕಿಕೊಂಡು ಬಾಚುವಾಗ ಎಳೆಯನ್ನು ಗೀಚುತ್ತವೆ. ಕಣ್ಣಿಗೆ ಬೀಳದಂತೆ ಎಚ್ಚರ ಬೇಕು.

5. ತೊಳೆದ ಕೂಡಲೇ ಜಾರುಗುಣದ ಲೇಪವೊಂದನ್ನು ಹಚ್ಚಬೇಕು. ಅಂಗಡಿಯ ಕಂಡೀಷನರ್ ಆಗಬಹುದು. ನಮ್ಮ ಹಿತ್ತಲಿನ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆಯೂ ಆಗುತ್ತದೆ. ನಮ್ಮ ಅಡುಗೆಮನೆಯ ಅಗಸೆ ಬೀಜ ಇನ್ನೂ ಸುಲಭ: ಒಂದು ಪಾಲು ಬೀಜಕ್ಕೆ ಎಂಟು ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ಸುಮಾರು ಹತ್ತು ನಿಮಿಷ ಕೈಯಾಡಿಸುತ್ತ ಕುದಿಸಿ, ದಾರದಂತೆ ಎಳೆಯುವ ಹದಕ್ಕೆ ಬಂದಾಗ ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಚೆನ್ನಾಗಿ ತಣಿದ ಮೇಲೆಯೇ ಹಚ್ಚಬೇಕು. ಇದು ಬೇಗ ಕೆಡುವುದರಿಂದ ಆಯಾ ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಒಳ್ಳೆಯದು.

6. ಲೇಪವಿರುವಾಗಲೇ, ಕೂದಲು ಒದ್ದೆಯಿರುವಾಗಲೇ, ಮೊದಲು ಬೆರಳುಗಳಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಬುಡದ ಕಡೆಗೆ ಏರಬೇಕು. ಸಿಕ್ಕಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದರೆ ನೆತ್ತಿಗೆ ನೋವಾಗುವುದಿಲ್ಲ. ಬಳಿಕ ಲೇಪವನ್ನು ನೀರಿನಿಂದ ತೊಳೆಯಬೇಕು.

7. ಒರಟು ಟವೆಲಿನಿಂದ ಉಜ್ಜಬಾರದು. ಹಳೆಯ ಹತ್ತಿಯ ಅಂಗಿಯಲ್ಲಿ ಅಥವಾ ಮೆತ್ತಗಿನ ಪಂಚೆಯಲ್ಲಿ ಒತ್ತಿ ನೀರನ್ನು ಹೀರಿಸಬೇಕು. ತೇವವಿರುವಾಗಲೇ ಎರಡು ಮೂರು ಹನಿ ಎಣ್ಣೆಯನ್ನು ಅಂಗೈಯಲ್ಲಿ ಹರಡಿ ತುದಿಗಳಿಗೆ ಸವರಿದರೆ ಆ ತೇವ ಒಳಗೆ ಉಳಿಯುತ್ತದೆ.

8. ನಾಲ್ಕರಿಂದ ಆರು ಸಡಿಲ ಜಡೆಗಳನ್ನು ಹಾಕಿ ನೆರಳಿನಲ್ಲಿ ಒಣಗಲು ಬಿಡಬೇಕು. ಜೊಯಿಡಾ, ದಾಂಡೇಲಿಗಳ ಮಳೆಗಾಲದಲ್ಲಿ ಕೂದಲು ಒಣಗುವುದು ತಡ. ಒದ್ದೆ ತಲೆಯಲ್ಲಿ ಮಲಗಿಸಬಾರದು; ಬುಡ ಸದಾ ತೇವವಾಗಿದ್ದರೆ ನೆತ್ತಿಯ ಸೋಂಕಿಗೆ ಅನುಕೂಲವಾಗುತ್ತದೆ.

ಉಳಿದ ದಿನಗಳಲ್ಲಿ ಬಾಚುವ ಅಗತ್ಯವೇ ಇಲ್ಲ. ಕೈಗೆ ನೀರು ಮಾಡಿಕೊಂಡು ಕೂದಲನ್ನು ನೇವರಿಸಿ ಜಡೆಯನ್ನು ಸರಿಪಡಿಸಿದರೆ ಸಾಕು. ರಾತ್ರಿ ಹತ್ತಿಯ ದಿಂಬು ಮತ್ತು ಕೌದಿಗಳಿಗೆ ತಿಕ್ಕಿ ಕೂದಲು ಒಣಗುತ್ತದೆ, ಸಿಕ್ಕಾಗುತ್ತದೆ. ಹಳೆಯ ರೇಷ್ಮೆ ಸೀರೆಯ ತುಂಡನ್ನು ದಿಂಬಿಗೆ ಹೊದಿಸಿದರೆ ಘರ್ಷಣೆ ಕಡಿಮೆಯಾಗುತ್ತದೆ. ಇದಕ್ಕೆ ಹಣದ ಖರ್ಚಿಲ್ಲ.

ಸಿದ್ದಿ ಮನೆಗಳ ಹಿರಿಯ ತಾಯಂದಿರಿಗೆ ಈ ಕೂದಲಿನ ಒಡನಾಟ ಜೀವಮಾನದ್ದು. ಅವರ ಕೈಯ ಹದವನ್ನು ಕೇಳಿ ಕಲಿಯುವುದು ಶಿಕ್ಷಕಿಯರಿಗೂ ನಿಲಯಪಾಲಕಿಯರಿಗೂ ಉಪಯುಕ್ತ.

ಆಹಾರದ ಬಲ

ಹೊಸ ಕೂದಲಿನ ಗುಣ ರಕ್ತದಿಂದ ಬರುತ್ತದೆ. ಪ್ರೋಟೀನು, ಕಬ್ಬಿಣ, ಸತುವುಗಳ ಕೊರತೆಯಾದರೆ ಕೂದಲು ತೆಳುವಾಗಿ, ಬಣ್ಣಗೆಟ್ಟು ಬರುತ್ತದೆ. ಹೆಸರು, ಹುರುಳಿ, ಅಲಸಂದೆ, ಶೇಂಗಾ, ರಾಗಿ, ನುಗ್ಗೆ ಸೊಪ್ಪು, ಹರಿವೆ ಸೊಪ್ಪು ಇವು ನಮ್ಮ ಸಂತೆಗಳಲ್ಲಿ ಸುಲಭವಾಗಿ ದೊರೆಯುವಂಥವು. ನೆಲ್ಲಿಕಾಯಿ, ನಿಂಬೆ, ಪೇರಲ ಹಣ್ಣುಗಳು ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತವೆ. ಊಟದೊಡನೆ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು (5ರಿಂದ 9 ವರ್ಷದವರಿಗೆ ಗುಲಾಬಿ ಬಣ್ಣದ್ದು, 10ರಿಂದ 19 ವರ್ಷದವರಿಗೆ ನೀಲಿ ಬಣ್ಣದ್ದು) ಮಕ್ಕಳು ಎಸೆಯದಂತೆ ನೋಡಿಕೊಳ್ಳಬೇಕು. ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನೂ ತಪ್ಪಿಸಬಾರದು.

ವೈದ್ಯರಲ್ಲಿಗೆ ಯಾವಾಗ?

ಆರೈಕೆಯಿಂದ ಸರಿಹೋಗದ ಕೆಲವು ತೊಂದರೆಗಳಿವೆ. ತಲೆಯಲ್ಲಿ ದುಂಡನೆಯ ಜಾಗಗಳಲ್ಲಿ ಕೂದಲು ಬುಡದಲ್ಲಿಯೇ ಮುರಿದು ಕಪ್ಪು ಚುಕ್ಕೆಗಳು ಕಾಣುತ್ತಿದ್ದರೆ, ಹೊಟ್ಟು ಮತ್ತು ತುರಿಕೆಯಿದ್ದರೆ, ಅದು ಹುಳುಕಡ್ಡಿಯಾಗಿರಬಹುದು. ಇದು ಶಿಲೀಂಧ್ರದ ಸೋಂಕು. ಒಂದೇ ಬಾಚಣಿಗೆ, ಒಂದೇ ಟವೆಲುಗಳಿಂದ ಹರಡುತ್ತದೆ. ಬೇರಿನೊಳಗೆ ಹೋಗಿರುವ ಈ ಸೋಂಕಿಗೆ ಮೇಲೆ ಹಚ್ಚುವ ಮುಲಾಮು ಸಾಲದು, ವೈದ್ಯರು ಹೇಳಿದಷ್ಟು ವಾರ ಹೊಟ್ಟೆಗೆ ಔಷಧ ತೆಗೆದುಕೊಳ್ಳಬೇಕು. ನುಣ್ಣನೆಯ ಬೋಳು ಮಚ್ಚೆಗಳು, ಕೀವು ತುಂಬಿದ ಊತ, ನೆತ್ತಿಯ ಸುಟ್ಟ ಗಾಯ, ಮಗುವೇ ತನ್ನ ಕೂದಲನ್ನು ಕಿತ್ತುಕೊಳ್ಳುವ ಅಭ್ಯಾಸ, ಇವುಗಳಿಗೂ ವೈದ್ಯರ ಸಲಹೆ ಬೇಕು. ಮೊದಲು ತಾಲ್ಲೂಕಿನ ಸರಕಾರಿ ಆಸ್ಪತ್ರೆಗೆ ತೋರಿಸಬಹುದು. ಅಲ್ಲಿಯ ವೈದ್ಯರು ಹೇಳಿದರೆ ಹುಬ್ಬಳ್ಳಿಯ ಅಥವಾ ಕಾರವಾರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೇನು ಸೀರುಗಳಾದರೆ ಸೀಮೆಎಣ್ಣೆ ಹಚ್ಚುವುದು ತೀರ ಅಪಾಯಕರ; ಚರ್ಮ ಸುಡುತ್ತದೆ, ಬೆಂಕಿ ತಗಲುವ ಭಯವೂ ಉಂಟು. ಹೇನಿನ ಔಷಧವನ್ನು ಕೇಳಿ ಪಡೆಯಬೇಕು. ಸೀರಣಿಗೆಯನ್ನು ಒಣ ಕೂದಲಿಗೆ ಹಾಕದೆ, ಲೋಳೆ ಹಚ್ಚಿ ಸಿಕ್ಕು ಬಿಡಿಸಿದ ಮೇಲೆಯೇ ಸಣ್ಣ ಸಣ್ಣ ಭಾಗಗಳಲ್ಲಿ ಬಳಸಬೇಕು.

ಶಾಲೆ ಮತ್ತು ವಸತಿನಿಲಯಗಳಲ್ಲಿ

ವಸತಿನಿಲಯಗಳಲ್ಲಿ ಪ್ರತಿ ಮಗುವಿಗೂ ಸ್ವಂತ ಬಾಚಣಿಗೆ, ಸ್ವಂತ ಟವೆಲು ಇರಲಿ. ಗುಂಗುರು ಕೂದಲಿನ ಮಕ್ಕಳಿಗೆ ಅಗಲ ಹಲ್ಲಿನ ಬಾಚಣಿಗೆಯೇ ಇರಲಿ. ದಾಸೋಹಭಾವದಿಂದ ಕೊಡಲಿಚ್ಛಿಸುವ ಭಕ್ತರಿಗೆ ಇದು ಸಣ್ಣ ವೆಚ್ಚ. ಕೂದಲು ಶುಚಿಯಾಗಿ, ಅಂದವಾಗಿ ಕಟ್ಟಿರಬೇಕೆಂಬ ನಿಯಮ ಸರಿಯಾದದ್ದೇ. ಆದರೆ ನೇರವಾಗಿ ಎಣ್ಣೆಯಲ್ಲಿ ಅಂಟಿ ಕೂತಿರಬೇಕೆಂಬುದು ಆ ನಿಯಮದ ಅರ್ಥವಾಗಬಾರದು. ಸಡಿಲವಾದ ನಾಲ್ಕು ಜಡೆಗಳೂ ಶಿಸ್ತೇ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2019ರಲ್ಲಿ, ಹುಟ್ಟಿನಿಂದ ಬಂದ ಕೂದಲಿನ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ಭೇದ ಮಾಡಕೂಡದೆಂದು ಕಾನೂನನ್ನೇ ಮಾಡಿತು. ನಮಗೆ ಕಾನೂನಿಗಾಗಿ ಕಾಯುವ ಅಗತ್ಯವಿಲ್ಲ.

ಮಕ್ಕಳ ಕೂದಲಿಗೆ ಅಡ್ಡಹೆಸರಿಡುವುದು, ಕೇಳದೆ ಮುಟ್ಟಿ ನೋಡುವುದು, ‘ನೇರ ಮಾಡಿಸಿಕೊಂಡರೆ ಚೆಂದ ಕಾಣುತ್ತೀಯೆ’ ಎನ್ನುವುದು, ಇವು ಹಾಸ್ಯದಂತೆ ತೋರಿದರೂ ಮಗುವಿನ ಎದೆಯಲ್ಲಿ ಉಳಿದುಬಿಡುತ್ತವೆ. ಆ ಮಗು ಮುಂದೆ ಸುಡುವ ಲೇಪಕ್ಕೆ ತಲೆಯೊಡ್ಡುವುದು ಇಂತಹ ಮಾತುಗಳಿಂದಲೇ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಕಾರಣಕ್ಕೆ ಮೇಲು ಕೀಳೆಣಿಸುವುದನ್ನು ನಿರಾಕರಿಸಿದರು, ದೇಹವನ್ನೇ ದೇಗುಲವೆಂದು ಕಂಡರು. ಆ ದೇಗುಲದ ಕಳಸ ನೇರವಾಗಿರಲಿ, ಸುರುಳಿಯಾಗಿರಲಿ, ಅದಕ್ಕೆ ಸಲ್ಲುವ ಗೌರವ ಒಂದೇ ಎಂದು ನಮ್ಮ ಮನೆಯ ಮಕ್ಕಳಿಗೆ ನಾವು ಮೊದಲು ಕಲಿಸಬೇಕು.

ಒದ್ದೆಯಲ್ಲಿ ಬಾಚುವುದು, ತುದಿಯಿಂದ ಬಾಚುವುದು, ಸಡಿಲವಾಗಿ ಕಟ್ಟುವುದು, ಸುಡುವುದನ್ನು ದೂರವಿಡುವುದು: ಈ ನಾಲ್ಕನ್ನು ಆರು ತಿಂಗಳು ತಪ್ಪದೆ ನಡೆಸಿದರೆ ತುಂಡುಗಳು ಕಡಿಮೆಯಾಗಿ ಕೂದಲಿನ ಉದ್ದ ಉಳಿಯತೊಡಗುವುದನ್ನು ಪಾಲಕರು ತಾವೇ ಅಳೆದು ಕಾಣಬಹುದು. ಮಗುವು ಬಾಚಣಿಗೆಗೆ ಅಂಜದೆ ಕುಳಿತುಕೊಳ್ಳುವುದು ಅದಕ್ಕಿಂತ ಮೊದಲೇ ಕಾಣುವ ಫಲ.